ಸ್ಪಷ್ಟನೆ: 'ಓದಿ ಹೇಳುವ' ಬಟನ್ ಒಂದಿದ್ದರೆ ಸಾಕೇ?

ವೆಬ್‌ಸೈಟಿನ ಮೂಲೆಯಲ್ಲಿ ಪುಟವನ್ನು ಓದಿ ಹೇಳುವ ಬಟನ್ ಹಾಕಿದರೆ ಅಂಧರಿಗೆ ಬೇಕಾದ್ದೆಲ್ಲ ಆಯಿತು ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ.

ಆ ಬಟನ್ ಎಲ್ಲಿದೆ ಅಂತ ಅವರಿಗೆ ಹೇಳುವವರು ಯಾರು? ಅದನ್ನು ಹುಡುಕುವುದಕ್ಕೂ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಬೇಕು. ಕಂಪ್ಯೂಟರ್ ಬಳಸುವ ಅಂಧರಲ್ಲಿ ಅದು ಆಗಲೇ ಇರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ವಿಂಡೋಸ್‌ನಲ್ಲಿ ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಎನ್‌ವಿಡಿಎ ಉಚಿತ, ಕನ್ನಡವನ್ನೂ ಓದುತ್ತದೆ.

ಅದು ಬರೀ ಓದುವುದಿಲ್ಲ. ಎಚ್ ಕೀ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗಬಹುದು. ಪ್ರೋಗ್ರೆಸ್ ಬಾರ್ ತುಂಬಿದಂತೆ ಬೀಪ್ ಸದ್ದಿನ ಸ್ವರ ಏರುತ್ತದೆ, ಕೆಲಸ ಎಷ್ಟು ಮುಗಿಯಿತು ಎಂದು ಕಿವಿಗೇ ಗೊತ್ತಾಗುತ್ತದೆ. (ನನಗಂತೂ ಇದು ಬಹಳ ಇಷ್ಟ.) ಆದರೆ ಪುಟದ ಕೋಡ್‌ನಲ್ಲಿ ಶೀರ್ಷಿಕೆ ಎಂದು ಗುರುತು ಮಾಡದೆ ಸುಮ್ನೆ ದಪ್ಪ ಅಕ್ಷರ ಮಾಡಿ ಬಿಟ್ಟರೆ ಎಚ್ ಕೀ ಅದನ್ನು ಗುರುತಿಸದು. ಬಟನ್‌ಗೆ ಹೆಸರು ಕೊಡದಿದ್ದರೆ ಕೇಳಿಸುವುದು 'ಬಟನ್, ಬಟನ್' ಅಷ್ಟೇ.

ಪುಟ ತೆರೆದೊಡನೆ ತಾನಾಗಿ ಶುರುವಾಗುವ ಧ್ವನಿಯಿಂದ ತೊಂದರೆಯೇ ಜಾಸ್ತಿ. ಪುಟದ್ದು, ಸ್ಕ್ರೀನ್ ರೀಡರ್‌ನದು, ಹೀಗೆ ಎರಡು ದನಿ ಒಟ್ಟಿಗೆ ಮಾತಾಡಿದರೆ ಯಾವುದೂ ತಿಳಿಯದು, ಅಲ್ವಾ? ಅಂಥ ಸದ್ದು 3 ಸೆಕೆಂಡ್ ದಾಟಿದರೆ ಅದನ್ನು ನಿಲ್ಲಿಸಲು ಅಥವಾ ತಗ್ಗಿಸಲು ದಾರಿ ಇರಬೇಕು ಎಂದು ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ಬಟನ್ ಪೂರ್ತಿ ದಂಡವೇನಲ್ಲ. ಅಕ್ಷರ ಓದಲು ಕಷ್ಟಪಡುವವರಿಗೆ ಅದು ಉಪಯೋಗ. ಅಂಧರಿಗಾಗಿ ಕನ್ನಡದ ತಾಣಗಳು ಮೊದಲು ಸರಿಮಾಡಬೇಕಾದ್ದು ಹಳೆಯ ನುಡಿ ಫಾಂಟಿನ ಪಿಡಿಎಫ್‌ಗಳನ್ನು, ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆಗಳನ್ನು. ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್‌ಗಳು ಬಳಸುವ ಸಮಾನ ಸಂಕೇತ) ಅಲ್ಲದ್ದರಿಂದ ಮೊದಲನೆಯದು ಅರ್ಥವಿಲ್ಲದ ಅಕ್ಷರಗಳಾಗಿ ಕೇಳಿಸುತ್ತದೆ. ಎರಡನೆಯದು ಬರೀ ಚಿತ್ರ, ಅದರಲ್ಲಿ ಓದಲು ಅಕ್ಷರವೇ ಇರುವುದಿಲ್ಲ.