ಒಂದಿಂಚೂ ಬಿಡೆವು!

ಟಿವಿಯಲ್ಲಿ ಮತ್ತೆ ಅದೇ ಗರ್ಜನೆ: ‘ಒಂದಿಂಚು ನೆಲವನ್ನೂ ಬಿಟ್ಟುಕೊಡೆವು!’ ಯಾವ ಪಕ್ಷ ಅಂತ ಕೇಳಬೇಡಿ, ಮೈಕ್ ಸಿಕ್ಕವರೆಲ್ಲ ಹೇಳುವ ಮಾತದು. ಕೇಳಿದಾಗಲೆಲ್ಲ ನನಗೆ ಪೂರ್ವಾಶಾ ನೆನಪಾಗುತ್ತದೆ. ಅದೇ ಸ್ವಾಮಿ, ನ್ಯೂ ಮೂರ್ ದ್ವೀಪ. ಬಾಂಗ್ಲಾದವರ ಬಾಯಲ್ಲಿ ದಕ್ಷಿಣ ತಾಲಪಟ್ಟಿ. ಮರಳು ದಿಣ್ಣೆ ಒಂದೇ, ನಾಮಕರಣ ಮೂರು.

1970ರ ಚಂಡಮಾರುತದ ನಂತರ ಸುಂದರಬನದಲ್ಲಿ, ಭಾರತ–ಬಾಂಗ್ಲಾ ಗಡಿಯ ಹರಿಯಾಭಂಗಾ ನದಿ ಸಮುದ್ರ ಸೇರುವಲ್ಲಿ ತಲೆಯೆತ್ತಿದ ದಿಣ್ಣೆ. ಎತ್ತರ ಎರಡು ಮೀಟರ್ ದಾಟಲಿಲ್ಲ; ಉದ್ದನೆಯ ಆಳೊಬ್ಬ ಅದರ ಬುಡದಲ್ಲಿ ನಿಂತರೆ ಹೆಚ್ಚುಕಡಿಮೆ ಅವನೇ ಶಿಖರ. ಆದರೂ 1981ರಲ್ಲಿ ನಮ್ಮ ನೌಕಾಪಡೆ ಹೋಗಿ ಧ್ವಜ ನೆಟ್ಟಿತು, ಢಾಕಾದಿಂದ ಗನ್‌ಬೋಟ್ ಬಂದವು. ಹಾಳೂರಿಗೆ ಉಳಿದವನೇ ಗೌಡ ಅಂತಾರೆ. ಇಲ್ಲಿ ಊರೇ ಇಲ್ಲ, ಗೌಡರು ಮಾತ್ರ ಇಬ್ಬರು.

ಆಳುವವರಿಗೆ ಇದಕ್ಕಿಂತ ಸೊಗಸಾದ ಪ್ರದೇಶ ಸಿಕ್ಕೀತೆ? ಮತದಾರರಿಲ್ಲ, ಅರ್ಜಿಯಿಲ್ಲ, ಧರಣಿಯಿಲ್ಲ. ಇದ್ದ ಏಡಿಗಳೂ ಅಡ್ಡಡ್ಡ ನಡೆಯುವುದರಲ್ಲಿ ಆಗಲೇ ಪಳಗಿದ್ದವು.

ಮೆಕ್ಸಿಕೊದವರು ಇನ್ನೂ ಒಂದು ಕೈ ಮೇಲು. ಬೆರ್ಮೆಹಾ ಎಂಬ ಅವರ ದ್ವೀಪ 16ನೇ ಶತಮಾನದಿಂದ ನಕ್ಷೆಗಳಲ್ಲಿ ಹಾಯಾಗಿತ್ತು. ಸಮುದ್ರದಡಿಯ ತೈಲಕ್ಕಾಗಿ ಅಮೆರಿಕದ ಜೊತೆ ಗಡಿ ಎಳೆಯುವ ಹೊತ್ತಿಗೆ ಹೋಗಿ ನೋಡಿದರೆ ಬರೀ ನೀರು. 2009ರಲ್ಲಿ ಮತ್ತೆ ಹುಡುಕಿಸಿದರು, ಆಗಲೂ ನೀರೇ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ದ್ವೀಪವನ್ನೇ ಸ್ಫೋಟಿಸಿತಂತೆ ಎಂಬ ಗುಸುಗುಸು ಬೇರೆ. ಹಣೆ ಮೇಲೆ ಕನ್ನಡಕ ಏರಿಸಿಕೊಂಡು ಪಕ್ಕದ ಮನೆಯವನನ್ನು ಬೈದ ಹಾಗೆ.

ಇರಲಿ, ನಮ್ಮದಕ್ಕೆ ಬರೋಣ. 2010ರ ಹೊತ್ತಿಗೆ ಪೂರ್ವಾಶಾ ಪೂರ್ತಿ ಮುಳುಗಿತ್ತು. ವ್ಯಾಜ್ಯ ಮುಳುಗಬೇಕಲ್ಲ! 2014ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿಯಿಂದ ತೀರ್ಪು ಬಂತು. ವಿವಾದದಲ್ಲಿದ್ದ 25,602 ಚದರ ಕಿಲೋಮೀಟರ್ ಸಮುದ್ರದಲ್ಲಿ 19,467 ಬಾಂಗ್ಲಾಕ್ಕೆ. ದ್ವೀಪ ‘ಇದ್ದ’ ಜಾಗ ನಮಗೆ. ಗೆದ್ದೆವು! ಢಾಕಾದಲ್ಲಿ ತಾಲಪಟ್ಟಿ ಕಳೆದುಕೊಂಡೆವೆಂದು ಗದ್ದಲ. ಇಲ್ಲದ್ದನ್ನು ಗಳಿಸಿದವರು ನಾವು, ಇಲ್ಲದ್ದನ್ನು ಕಳಕೊಂಡವರು ಅವರು.

ಅದೇ ಸುಂದರಬನದ ಪಶ್ಚಿಮಕ್ಕೆ, ಹೂಗ್ಲಿ ನದಿಯ ಮುಖದಲ್ಲಿ ಘೋಡಾಮಾರಾ ದ್ವೀಪ ಇದೆ. ಅಲ್ಲಿ ನಿಜವಾದ ಜನ ಇದ್ದಾರೆ. ನೆಲ ಹೋಗುತ್ತಿರುವುದು ಇಂಚಿನ ಲೆಕ್ಕದಲ್ಲಲ್ಲ. ಇಂದು ವೀಳ್ಯದೆಲೆ ತೋಟದ ಬೇಲಿ, ನಾಳೆ ತೋಟ, ಆಮೇಲೆ ಮನೆ. ಪಕ್ಕದ ಲೋಹಾಚರ ಮುಳುಗಿದಾಗ ಅಲ್ಲಿನವರು ಗಂಟುಮೂಟೆ ಕಟ್ಟಿಕೊಂಡು ಸಾಗರ ದ್ವೀಪ ಸೇರಿದರು. ಅವರಿಗಾಗಿ ಯಾರೂ ಗರ್ಜಿಸಲಿಲ್ಲ. ಸಮುದ್ರಕ್ಕೆ ಗುಂಡು ಹೊಡೆಯಲಾದೀತೆ ಅನ್ನುತ್ತೀರಿ. ಗುಂಡು ಬೇಡ. ಮುಂದಿನ ಮಳೆಗಾಲದವರೆಗೆ ನಿಲ್ಲುವಂಥ ಒಡ್ಡು ಕಟ್ಟಿಕೊಡಿ, ಸಾಕು.