ಉಳುಮೆ ಇನ್ನೂ ಮುಗಿದಿಲ್ಲ

ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದ ಕತೆ ನಮಗೆಲ್ಲ ಗೊತ್ತು. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಜಾಗದಲ್ಲಿ ಎತ್ತುಗಳಿಗೆ ನೇಗಿಲು ಕಟ್ಟಿ ನಾಲ್ಕು ದಿಕ್ಕಿಗೆ ಬಿಟ್ಟರಂತೆ. ನೇಗಿಲ ಗೆರೆಯೇ ರಸ್ತೆ ಆಯಿತಂತೆ. ಕತೆ ಅಲ್ಲಿಗೆ ಮುಗಿಯಿತು ಅಂತ ನಾನು ಇಷ್ಟು ದಿನ ನಂಬಿದ್ದೆ. ಹೋದ ತಿಂಗಳು ಪೇಟೆಯಲ್ಲಿ ನಡೆದು ನೋಡಿದ ಮೇಲೆ ಗೊತ್ತಾಯಿತು, ಉಳುಮೆ ನಿಂತೇ ಇಲ್ಲ. ಎತ್ತು ಹೋಗಿ ಜೆಸಿಬಿ ಬಂದಿದೆ, ಅಷ್ಟೆ. ಗೌಡರು ಒಂದೇ ಸಲ ಉತ್ತರು. ಈಗಿನವರು ವರ್ಷಕ್ಕೆ ಮೂರು ಬೆಳೆ ತೆಗೆಯುತ್ತಾರೆ. ನೀರಿನ ಪೈಪಿನದೊಂದು, ಒಳಚರಂಡಿಯದೊಂದು, ಕೇಬಲ್ಲಿನದೊಂದು.

ನಾನು ಹೋಗಿದ್ದಕ್ಕೆ ಕಾರಣ ನನ್ನ ಷಡ್ಡಕರು. ಅವರಿರುವುದು ಜರ್ಮನಿಯ ನ್ಯೂರೆಂಬರ್ಗಿನಲ್ಲಿ. ಅಲ್ಲಿ ಹಳೇ ಊರು ಅಂತ ಒಂದಿದೆ, ಸುತ್ತ ಕೋಟೆ ಗೋಡೆ, ಒಳಗೆ ಜನ ಐಸ್‌ಕ್ರೀಮ್ ಹಿಡಿದು ರಸ್ತೆ ನಡುವೆಯೇ ಆರಾಮಾಗಿ ಓಡಾಡುತ್ತಾರಂತೆ. 1945ರ ಜನವರಿಯಲ್ಲಿ ಬಾಂಬ್ ಬಿದ್ದು ಬಹುಪಾಲು ನೆಲಸಮ ಆಗಿದ್ದನ್ನು ಮತ್ತೆ ಕಟ್ಟಿಕೊಂಡಿದ್ದಾರೆ. "ನಮ್ಮಲ್ಲೂ ಹಳೇ ಪೇಟೆ ಇದೆಯಲ್ರೀ, ಒಂದು ಹೆರಿಟೇಜ್ ವಾಕ್ ಮಾಡೋಣ" ಅಂದರು. ಬೆಳಗ್ಗೆ ಅವೆನ್ಯೂ ರಸ್ತೆ ಬಾಯಲ್ಲಿ ನಿಂತು ಒಮ್ಮೆ ಒಳಗೆ ಕಣ್ಣು ಹಾಯಿಸಿದರು. "ಇಲ್ಲಿಗೂ ಬಾಂಬ್ ಬಿದ್ದಿತ್ತಾ?" ಅಂತ ಕೇಳಿದರು. ಇಲ್ಲ, ಟೆಂಡರ್ ಬಿದ್ದಿದೆ ಅಂದೆ.

ಪೇಟೆಯಲ್ಲಿ ನಡೆಯುವವರಿಗೆ ಒಂದು ಧರ್ಮಸಂಕಟ ಇದೆ. ನೋಡಬೇಕಾದ್ದೆಲ್ಲ ಮೇಲಿದೆ, ಉಳಿಸಿಕೊಳ್ಳಬೇಕಾದ ಜೀವ ಕೆಳಗಿದೆ. ಕತ್ತೆತ್ತಿದರೆ ಮಹಡಿ ಮೇಲೆ ಮರದ ಕಟಕಟೆ, ಗಾರೆಯ ಹೂಬಳ್ಳಿ, ಯಾರದೋ ಮುತ್ತಜ್ಜ ಕಟ್ಟಿಸಿದ ಕಮಾನು. ಕತ್ತೆತ್ತಿದವರು ಮಾತ್ರ ಮುಂದಿನ ಹೆಜ್ಜೆಗೆ ಚಪ್ಪಡಿ ಇಲ್ಲದ ಚರಂಡಿಯಲ್ಲಿ ಇರುತ್ತಾರೆ. ಹಾಗಾಗಿ ನಾವಿಬ್ಬರೂ ಡ್ಯೂಟಿ ಹಂಚಿಕೊಂಡೆವು. ಅವರು ಮೇಲೆ ನೋಡುವುದು, ನಾನು ಅವರ ಕೈ ಹಿಡಿದು ಕೆಳಗೆ ನೋಡುವುದು. ಒಂದು ಮನೆಯ ಮರದ ಕಂಬದಲ್ಲಿ ಗಿಳಿ ಕೆತ್ತಿದ್ದರು, ಬಹಳ ಚೆನ್ನಾಗಿತ್ತಂತೆ. ಆ ಗಿಳಿಯ ಕೊಕ್ಕಿಗೆ ಮೂರು ಸುತ್ತು ಕೇಬಲ್ ಸುತ್ತಿದ್ದರಂತೆ. ನನಗೆ ಹೇಗೆ ಗೊತ್ತಾಗಬೇಕು, ನಾನು ಚರಂಡಿ ನೋಡುತ್ತಿದ್ದೆ. ಶಿವನಸಮುದ್ರದ ಕರೆಂಟು 1905ರಲ್ಲೇ ಬೆಂಗಳೂರಿಗೆ ಬಂತು ಅಂತ ನಮಗೆ ಹೆಮ್ಮೆ. ಅವತ್ತಿನಿಂದ ಎಳೆದ ಒಂದು ತಂತಿಯನ್ನೂ ಬಿಚ್ಚಿಲ್ಲವೇನೋ ಅನ್ನಿಸುವ ಹಾಗಿದೆ ಪೇಟೆಯ ಆಕಾಶ.

ಫುಟ್‌ಪಾತ್ ಇಲ್ಲ ಅಂತ ದೂರುವವರು ಸುಳ್ಳು ಹೇಳುತ್ತಾರೆ. ಇದೆ. ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ಟ್ರಾನ್ಸ್‌ಫಾರ್ಮರಿಗೆ ಒರಗಿಸಿದ ಸ್ಕೂಟರ್ ಇದೆ, ಸ್ಕೂಟರಿನ ಸೀಟಿನ ಮೇಲೆ ಸೀರೆ ಗಂಟು ಇದೆ. ಹಳೇ ಪುಸ್ತಕದವರು ಕೂತಿದ್ದಾರಲ್ಲ, ಅವರ ತಂಟೆಗೆ ನಾನು ಹೋಗುವುದಿಲ್ಲ. ಅರ್ಧ ಬೆಲೆಗೆ ಅವರು ಕೊಟ್ಟ ಗೈಡುಗಳಿಂದಲೇ ನಾನು ಪಾಸಾಗಿದ್ದು. ಉಳಿದ ಜಾಗದಲ್ಲಿ ನಡೆಯಬಹುದು, ಒಂದೇ ಕಾಲಿದ್ದರೆ.

ಇಲ್ಲಿ ನಡೆಯಲು ನಿಜವಾಗಿ ಬರುವುದು ಹಮಾಲಿಗಳಿಗೆ ಮಾತ್ರ. ತಲೆ ಮೇಲೆ ಬಟ್ಟೆಯ ಬೇಲು, ಬಾಯಲ್ಲಿ "ಸೈಡ್ ಸೈಡ್ ಸೈಡ್". ನಿಲ್ಲುವುದಿಲ್ಲ, ಎಡವುವುದಿಲ್ಲ. ಷಡ್ಡಕರು ಒಂದು ಹಳೇ ಬಾಗಿಲ ಮುಂದೆ ನಿಂತು ಅದರ ಚಿಲಕದ ಫೋಟೋ ತೆಗೆಯುತ್ತಿದ್ದರು. ಹಿಂದಿನಿಂದ ಬಂದವನೊಬ್ಬ, "ಸ್ವಾಮಿ, ಮ್ಯೂಸಿಯಂ ಆ ಕಡೆ, ಇದು ರಸ್ತೆ" ಅಂದು ಹೋಗಿಬಿಟ್ಟ. ಇಡೀ ದಿನ ಸಿಕ್ಕ ಗೈಡುಗಳಲ್ಲಿ ಅವನೇ ವಾಸಿ.

ಹೆಸರುಗಳನ್ನು ಕೇಳಿ ಷಡ್ಡಕರಿಗೆ ಖುಷಿಯೋ ಖುಷಿ. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ರಾಗಿಪೇಟೆ, ಕುಂಬಾರಪೇಟೆ. ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಬಳೆಪೇಟೆಯಲ್ಲಿ ಬಳೆ ಕೇಳಿದರೆ ಈಗ ವೀಣೆ, ತಬಲ ತೋರಿಸುತ್ತಾರೆ, ಇರಲಿ. ಇಷ್ಟರಲ್ಲಿ ಹೆಸರಿಗೆ ತಕ್ಕ ಹಾಗೆ ಉಳಿದಿರುವುದು ಯಾವುದು ಅಂತ ಕೇಳಿದರು. ಮಾಮೂಲ್‌ಪೇಟೆ ಅಂದೆ. ಹೆಸರು ಒಂದು ಗಲ್ಲಿಯದು, ಪದ್ಧತಿ ಊರಿಗೆಲ್ಲ.

ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಹತ್ತಿರ ಸ್ವಲ್ಪ ಕೂತೆವು. ಚೈತ್ರ ಹುಣ್ಣಿಮೆ ರಾತ್ರಿ ಇಲ್ಲಿಂದಲೇ ಕರಗ ಹೊರಡುವುದು. ತಲೆ ಮೇಲಿನ ಹೂವಿನ ಕರಗವನ್ನು ಕೈಯಲ್ಲಿ ಮುಟ್ಟದೆ, ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ, ಬೆಳಗಾಗುವ ತನಕ ಇದೇ ಗಲ್ಲಿಗಳಲ್ಲಿ ಓಡಾಡುತ್ತಾರೆ. ಜನ ಕೈ ಮುಗಿಯುವುದು ಸುಮ್ನೆ ಅಲ್ಲ. ನಾನು ತಲೆ ಮೇಲೆ ಏನೂ ಇಲ್ಲದೆ, ಹಾಡಹಗಲಲ್ಲಿ, ಅರ್ಧ ಕಿಲೋಮೀಟರಿನಲ್ಲಿ ಎರಡು ಸಲ ಮುಗ್ಗರಿಸಿದ್ದೆ.

ಕೋಟೆ ನೋಡುವುದು ಬಾಕಿ ಇತ್ತು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಪೇಟೆ ಹಿಡಿಯಿತು. ಕೋಟೆ ಹಿಡಿದಿದ್ದು ಮಾರ್ಚ್ 21ಕ್ಕೆ. ಪೇಟೆಯಿಂದ ಕೋಟೆಗೆ ಹದಿನಾಲ್ಕು ದಿನ! ಪಾಪ, ಟಿಪ್ಪುವಿನ ಫಿರಂಗಿ ಎದುರಿಗಿತ್ತು ಅಂತ ಸ್ಕೂಲಲ್ಲಿ ಓದಿದ್ದೆ. ಕೆ.ಆರ್. ಮಾರ್ಕೆಟ್ ಮುಂದೆ ರಸ್ತೆ ದಾಟಲು ನಿಂತಾಗ, ಫಿರಂಗಿ ಇಲ್ಲದೆಯೂ ಅಷ್ಟು ದಿನ ಬೇಕಾಗುತ್ತದೆ ಅಂತ ಅರ್ಥವಾಯಿತು. ಎಡದಿಂದ ಬಸ್ಸು, ಬಲದಿಂದ ಬಸ್ಸು, ನಡುವೆ ಉಲ್ಟಾ ಬರುವ ಆಟೋ, ಆಟೋ ಹಿಂದೆ ಚೆಂಡುಹೂವಿನ ಮೂಟೆ ಹೊತ್ತ ತಳ್ಳುಗಾಡಿ. ಕೊನೆಗೆ ಒಬ್ಬ ಅಜ್ಜಿ ಕರಿಬೇವಿನ ಕಟ್ಟು ಮೇಲೆತ್ತಿ ಹಿಡಿದು ಸೀದಾ ನಡೆದರು. ಎಲ್ಲ ಗಾಡಿ ನಿಂತವು. ನಾವು ಅವರ ಸೆರಗಿನ ಹಿಂದೆ ದಾಟಿದೆವು. ಗೋಡೆ ಒಡೆದ ಜಾಗದಲ್ಲಿ ಬ್ರಿಟಿಷರು ಒಳನುಗ್ಗಿದ್ದು ಇಲ್ಲಿಂದಲೇ ಅಂತ ಕಲ್ಲಿನ ಫಲಕ ಹಾಕಿಸಿದ್ದಾರೆ. ಅಜ್ಜಿಗೂ ಒಂದು ಹಾಕಿಸಬೇಕು.

ಷಡ್ಡಕರಿಗೆ ಸಾಕಾಗಿತ್ತು. ಚಿಕ್ಕಪೇಟೆ ಮೆಟ್ರೊ ಸ್ಟೇಷನ್ನಿಗೆ ಹೋಗಿ ಕೆಳಗಿಳಿದೆವು. ಅಗಲವಾದ ದಾರಿ, ದೀಪ, ಗುಂಡಿ ಇಲ್ಲದ ನೆಲ. "ಇಡೀ ಪೇಟೆಯಲ್ಲಿ ಇದೇ ಚೆನ್ನಾಗಿರೋ ಫುಟ್‌ಪಾತ್ ಅಲ್ವಾ?" ಅಂದರು. ಅದಕ್ಕೇ ನೆಲದೊಳಗೆ ಬಚ್ಚಿಟ್ಟಿದ್ದಾರೆ ಅಂದೆ. ಮೇಲಿದ್ದಿದ್ದರೆ ಅಗೆಯುತ್ತಿದ್ದರು.

ಒಂದು ವಿಷಯ ಹೇಳುವುದು ಮರೆತೆ. ಸ್ಟೇಷನ್ ಕಡೆ ಬರುವಾಗ ಅವರು ಯಾವುದೋ ಕಮಾನು ನೋಡುತ್ತಾ ಆಗಷ್ಟೇ ಹಾಕಿದ್ದ ಹಸಿ ಸಿಮೆಂಟಿನ ಮೇಲೆ ಕಾಲಿಟ್ಟುಬಿಟ್ಟಿದ್ದರು. ಮೇಸ್ತ್ರಿ ಬೈದ. ಷಡ್ಡಕರು ಮಾತ್ರ ಫೋಟೋ ತೆಗೆದುಕೊಂಡು, "ಇನ್ನು ನಾನೂ ಪೇಟೆಯ ಇತಿಹಾಸ ಕಣ್ರೀ" ಅಂತ ಬೀಗಿದರು. ವಿಮಾನ ಹತ್ತುವ ಮುಂಚೆಯೂ ಅದನ್ನೇ ಹೇಳಿದರು.

ಒಂಬತ್ತನೇ ದಿನ ಹೆಂಡತಿಗೆ ಭಾವನ ಹೆಜ್ಜೆ ತೋರಿಸೋಣ ಅಂತ ಕರೆದುಕೊಂಡು ಹೋದೆ. ಅಲ್ಲಿ ಉದ್ದಕ್ಕೆ ಹೊಸ ಗುಂಡಿ ತೋಡಿದ್ದರು. ಪಕ್ಕದ ಮಣ್ಣುಗುಡ್ಡೆಯಲ್ಲಿ ಸಿಮೆಂಟಿನ ಹೆಂಟೆಗಳು ಬಿದ್ದಿದ್ದವು. ಒಂದರಲ್ಲಿ ಹಿಮ್ಮಡಿ ಸಿಕ್ಕಿತು. ಮನೆಗೆ ತಂದು ಶೋಕೇಸಿನಲ್ಲಿಟ್ಟಿದ್ದೇನೆ.