ಹಾಸನದಲ್ಲಿ ಎ, ಜರ್ಮನಿಯಲ್ಲಿ ಡಿ

ಮಗಳು ಹುಟ್ಟಿದ್ದು ಹಾಸನದಲ್ಲಿ. ಮಗ ಹುಟ್ಟಿದ್ದು ಇಲ್ಲಿ, ಜರ್ಮನಿಯಲ್ಲಿ. ಅವಳದು ಸರ್ಕಾರಿ ಆಸ್ಪತ್ರೆಯ ಲಸಿಕೆ ಕಾರ್ಡ್, ನಾವು 'ತಾಯಿ ಕಾರ್ಡ್' ಅನ್ನುವುದು, ಮೂಲೆ ಮಡಚಿಕೊಂಡು, ಎಣ್ಣೆ ಕೈ ತಾಗಿ ಜಿಡ್ಡಾಗಿದೆ. ಇವನದು ಹಳದಿ ರಟ್ಟಿನ ತಪಾಸಣೆ ಪುಸ್ತಕ, ಇನ್ನೂ ಗರಿಗರಿ. ಎರಡೂ ಒಂದೇ ಡ್ರಾಯರಿನಲ್ಲಿವೆ.

ಮೊನ್ನೆ ಅವ್ವ ವಿಡಿಯೋ ಕಾಲಿನಲ್ಲಿ ಕೇಳಿದಳು, "ಮಗೀಗೆ ಒಂಬತ್ತು ತುಂಬ್ತಲ್ಲಪ್ಪ, ಚಮಚದಲ್ಲಿ ಕುಡಿಸ್ತಾರಲ್ಲ ಆ ಔಷಧಿ, ಹಾಕಿಸಿದ್ರಾ?" ಇಲ್ಲ ಕಣವ್ವ, ಇಲ್ಲಿ ಅದು ಕೊಡಲ್ಲ ಅಂದೆ. "ಅಷ್ಟು ದೊಡ್ಡ ದೇಶದಲ್ಲಿ ಅದೊಂದು ಇಲ್ವಾ!"

ಅವಳು ಕೇಳಿದ್ದು ವಿಟಮಿನ್ ಎ. ಊರಲ್ಲಿ 9 ತಿಂಗಳಿಗೆ, ದಡಾರದ ಸೂಜಿಯ ದಿನವೇ ಕೊಡುತ್ತಾರೆ. 1 ಎಂಎಲ್, ಅದರಲ್ಲಿ 1 ಲಕ್ಷ ಯೂನಿಟ್. ಆಮೇಲೆ ಒಂದೂವರೆ ವರ್ಷಕ್ಕೆ, ಅಲ್ಲಿಂದ ಆರಾರು ತಿಂಗಳಿಗೆ 2 ಲಕ್ಷದಂತೆ, 5 ವರ್ಷದವರೆಗೆ ಒಟ್ಟು 9 ಸಲ. ಮಗಳಿಗೆ ಹಾಕಿಸಿದ ದಿನ ಚೆನ್ನಾಗಿ ನೆನಪಿದೆ. ಸೂಜಿಗೆ ಹೆದರಿ ಅವಳು ಬಾಯಿ ಬಿಟ್ಟು ಅಳುತ್ತಿದ್ದಳು, ಅದೇ ಸಮಯ ನೋಡಿ ಸಿಸ್ಟರ್ ಚಮಚ ಒಳಗಿಟ್ಟರು, ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲಕ್ಕೆ ಬಂತು, ಅದನ್ನೂ ಚಮಚದಲ್ಲೇ ಬಳಿದು ಮತ್ತೆ ಕುಡಿಸಿದರು. ನನ್ನ ಷರ್ಟಿನ ಹೆಗಲ ಮೇಲೆ ಹಳದಿ ಕಲೆ ಹೋಗಲೇ ಇಲ್ಲ.

ಇಲ್ಲಿ ಲೆಕ್ಕವೇ ಬೇರೆ. ಊರಲ್ಲಿ ಮಗು ಹುಟ್ಟಿದ ಕೂಡಲೇ ತೊಡೆಗೆ ವಿಟಮಿನ್ ಕೆ, ತೋಳಿಗೆ ಕ್ಷಯ ತಡೆಯುವ ಬಿಸಿಜಿ ಲಸಿಕೆ, ಬಾಯಿಗೆ ಪೋಲಿಯೋ ಹನಿ, ಹೆಪಟೈಟಿಸ್ ಬಿ ಸೂಜಿ. ಇಲ್ಲಿ ಬಿಸಿಜಿಯನ್ನು 1998ರಲ್ಲೇ ಕೈಬಿಟ್ಟರು. ಕೆ ಕೊಡುತ್ತಾರೆ, ಆದರೆ ಸೂಜಿ ಅಲ್ಲ, ಬಾಯಿಗೆ ಹನಿ, ಮೂರು ಸಲ. ಆಮೇಲೆ ದಿನಾ ಒಂದು ವಿಟಮಿನ್ ಡಿ ಮಾತ್ರೆ. ಚಮಚದಲ್ಲಿ ಎರಡು ಹನಿ ನೀರು ಹಾಕಿ ಕರಗಿಸಿ ಕುಡಿಸಬೇಕು. ಚಳಿಗಾಲದಲ್ಲಿ ಇಲ್ಲಿನ ಸೂರ್ಯ ಮುಖ ತೋರಿಸಿ ಹೋಗುತ್ತಾನೆ ಅಷ್ಟೇ, ಆ ಬಿಸಿಲಿಗೆ ಚರ್ಮದಲ್ಲಿ ಡಿ ಆಗುವುದಿಲ್ಲ.

ಹಾಗಂತ ಊರಲ್ಲಿ ಡಿ ಬೇಡ ಅಂತಲ್ಲ. ಮಗಳಿಗೆ ಡಾಕ್ಟರು ಡಿ ಹನಿ ಬರೆದುಕೊಟ್ಟಿದ್ದರು, ಮೆಡಿಕಲ್ ಸ್ಟೋರಿಂದ ತಂದೆವು. ಪಕ್ಕದ ಮನೆಯ ಕೂಲಿಯವರ ಮಗುವಿಗೆ ಯಾರೂ ಬರೆಯಲಿಲ್ಲ. ಇಲ್ಲಿ ಆ ಮಾತ್ರೆಗೆ ಯಾವ ಅಪ್ಪನೂ ಜೇಬು ನೋಡಿಕೊಳ್ಳಬೇಕಿಲ್ಲ, ವಿಮೆಯಲ್ಲೇ ಬರುತ್ತದೆ. ಈ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಇಲ್ಲಿನವರ ಕಡೆ.

ಚಿಕ್ಕಮಗಳೂರಿನ ಗೆಳೆಯನೊಬ್ಬ ಇದೇ ಊರಲ್ಲಿದ್ದಾನೆ. ಅವನ ವಾದ ಏನಂದರೆ, ಎ ಅಷ್ಟು ಒಳ್ಳೆಯದಾದರೆ 9 ತಿಂಗಳು ಕಾಯುವುದೇಕೆ? ಹುಟ್ಟಿದ ದಿನವೇ ಬಿಸಿಜಿ ಜೊತೆ ಕುಡಿಸಿದರಾಯಿತು, ವಿಟಮಿನ್ ತಾನೇ, ನಷ್ಟ ಏನು?

ತಜ್ಞರೂ ಹೀಗೇ ಆಸೆಪಟ್ಟಿದ್ದರು. ಇಂಡೋನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಅಮೆರಿಕದ ಕಣ್ಣಿನ ಡಾಕ್ಟರು ಆಲ್ಫ್ರೆಡ್ ಸಾಮರ್ ಅವರ ತಂಡ ಮಕ್ಕಳಿಗೆ ಎ ಕೊಟ್ಟು ನೋಡಿತು. ಇರುಳುಗಣ್ಣಿನ ಜೊತೆಗೆ ಸಾವೂ ಕಡಿಮೆಯಾಗುತ್ತದೆ, ಅದೂ ಮೂರನೇ ಒಂದು ಪಾಲಿನಷ್ಟು, ಅಂತ 1986ರಲ್ಲಿ ಬರೆಯಿತು. ಅವು ಸ್ವಲ್ಪ ದೊಡ್ಡ ಮಕ್ಕಳು. ಆಮೇಲೆ ತಮಿಳುನಾಡಿನ ಹಳ್ಳಿಗಳಲ್ಲಿ ಹಸುಗೂಸುಗಳಿಗೇ ಕೊಟ್ಟರು. 6 ತಿಂಗಳೊಳಗಿನ ಸಾವು ಶೇಕಡ 23ರಷ್ಟು ಇಳಿಯಿತು. ಆದರೆ ಪಶ್ಚಿಮ ಆಫ್ರಿಕಾದ ಗಿನಿ-ಬಿಸಾವ್‌ನಲ್ಲಿ ಗೆಳೆಯ ಹೇಳಿದ ಹಾಗೇ ಬಿಸಿಜಿ ಜೊತೆ 50 ಸಾವಿರ ಯೂನಿಟ್ ಕೊಟ್ಟರೆ, ಒಟ್ಟಾರೆ ಏನೂ ಲಾಭ ಕಾಣಲಿಲ್ಲ. ಅಲ್ಲಿ ಕೆಲಸ ಮಾಡಿದ ಡೆನ್ಮಾರ್ಕಿನ ಸಂಶೋಧಕರು ಪೀಟರ್ ಆಬಿ, ಕ್ರಿಸ್ಟೀನ್ ಬೆನ್ ಇನ್ನೊಂದು ತಕರಾರು ತೆಗೆದರು: ಯಾವ ಲಸಿಕೆ ಜೊತೆ ಕೊಡುತ್ತೀರಿ, ಮಗು ಗಂಡೋ ಹೆಣ್ಣೋ ಅನ್ನುವುದರ ಮೇಲೂ ಪರಿಣಾಮ ಬದಲಾಗಬಹುದು ಅಂತ. ಅದು ಇನ್ನೂ ಜಗಳದ ವಿಷಯವೇ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಸುಗೂಸುಗಳಿಗೆ ಎ ಬೇಡ ಅಂದಿತು. ಆಮೇಲೆ ಘಾನಾ, ತಾಂಜಾನಿಯಾ, ನಮ್ಮ ಹರಿಯಾಣ ಸೇರಿ ಸುಮಾರು 1 ಲಕ್ಷ ಕೂಸುಗಳ ಮೇಲೆ ನಡೆದ ಅಧ್ಯಯನಗಳ ಫಲಿತಾಂಶ ಬಂತು. ಆಫ್ರಿಕಾದ ಎರಡೂ ಕಡೆ ಲಾಭವಿಲ್ಲ, ಹರಿಯಾಣದಲ್ಲಿ ಅಲ್ಪಸ್ವಲ್ಪ, ಅದೂ ಗಟ್ಟಿಯಾಗಿ ಹೇಳುವಂಥದ್ದಲ್ಲ. ಹರಿಯಾಣದ ಕೆಲವು ಕೂಸುಗಳಿಗೆ ಒಂದೆರಡು ದಿನ ನೆತ್ತಿ ಉಬ್ಬಿತ್ತು, ತಾನೇ ಇಳಿಯಿತು. ನೆತ್ತಿ ಕೂಡಿಲ್ಲ ಅಂತ ದಿನಾ ಎಣ್ಣೆ ಒತ್ತುವ ಅವ್ವನ ಮುಂದೆ ಇದನ್ನು ಹೇಳಬಾರದಿತ್ತು, ಬಾಯಿತಪ್ಪಿ ಹೇಳಿಬಿಟ್ಟೆ.

ಇಷ್ಟೆಲ್ಲ ಓದಿದ ಮೇಲೆ "ವಿಟಮಿನ್ ತಾನೇ" ಅನ್ನುವ ಮಾತೇ ನನಗೆ ಆಗುವುದಿಲ್ಲ. ಊರಲ್ಲಿ ಚೀಟಿ ಇಲ್ಲದೆ ಟಾನಿಕ್ ತಂದು ಕುಡಿಸುವ ನಮ್ಮ ಮಾವನಿಗೂ ಇದನ್ನೇ ಹೇಳುತ್ತೇನೆ. ಕೂಸಿಗೆ ಎ ಬರುವುದು ತಾಯಿ ಹಾಲಿನಿಂದ, ಅದರಲ್ಲೂ ಮೊದಲ ಹಳದಿ ಹಾಲಿನಿಂದ. ನಾವೋ, ಬಾಣಂತಿಗೆ ಸೊಪ್ಪು ಶೀತ, ಪಪ್ಪಾಯಿ ಉಷ್ಣ ಅಂತ ಮೆಣಸಿನ ಸಾರು ಅನ್ನ ಇಟ್ಟು ಕೂರಿಸುತ್ತೇವೆ. ನನ್ನ ಹೆಂಡತಿಗೆ ಹಾಸನದಲ್ಲಿ ಎರಡು ತಿಂಗಳು ನುಗ್ಗೆಸೊಪ್ಪಿನ ವಾಸನೆಯೂ ಸಿಗಲಿಲ್ಲ, ಹಿತ್ತಲಲ್ಲೇ ಮರವಿತ್ತು. ಎರಡನೇ ಬಾಣಂತನದಲ್ಲಿ ಇಲ್ಲಿನ ಸೂಲಗಿತ್ತಿ ಮನೆಗೆ ಬಂದು ಮೊದಲು ಕೇಳಿದ್ದೇ ತರಕಾರಿ ಏನು ತಿಂದೆ ಅಂತ. (ಆಲೂಗಡ್ಡೆ ಅಂದಳು. ಹಾಸನದವಳು, ಜರ್ಮನಿಯಲ್ಲಿದ್ದಾಳೆ, ಇನ್ನೇನು ಹೇಳ್ತಾಳೆ? ಆದರೆ ಅದರಲ್ಲಿ ಎ ಇಲ್ಲವೇ ಇಲ್ಲ ಅನ್ನಬಹುದು.)

ಮಗಳಿಗೆ ಎರಡು ತುಂಬಿದಾಗ ನಾವು ಇಲ್ಲಿಗೆ ಬಂದೆವು. ಅವಳ ಕಾರ್ಡಿನಲ್ಲಿ ಎ ಸಾಲಿನ 3 ಮನೆ ತುಂಬಿವೆ, 6 ಖಾಲಿ. ಇಲ್ಲಿನ ಡಾಕ್ಟರಿಗೆ ತೋರಿಸಿದೆ. ಕ್ಯಾರೆಟ್, ಹಾಲು, ಮೊಟ್ಟೆ ತಿನ್ನುತ್ತಾಳಲ್ಲ, ಬೇಕಿಲ್ಲ ಅಂದರು. ಅವ್ವನಿಗೂ ಅದನ್ನೇ ಹೇಳಿದೆ.

"ಆಯ್ತು ಬಿಡು, ರಜೆಗೆ ಬತ್ತೀರಲ್ಲ, ಆಶಾ ಅಕ್ಕನ್ನೇ ಒಂದು ಮಾತು ಕೇಳ್ತೀನಿ" ಅಂದಳು.